ಬೆಳಗಿನ ಓಲೆ

ಹಾಲೇಶ ಧ್ಯಾನ ಕಲಿಯಲು ಬಂದಿದ್ದ. ಆಶ್ರಮದ ಅಮ್ಮ ಅವನ ಕೈಗೆ ಸರ್ವರ್ ಕೋಣೆಯ ಬೀಗದ ಕೈ ಕೊಟ್ಟರು.

"ಅಮ್ಮಾ, ನಾನು ಬಂದದ್ದು ಧ್ಯಾನಕ್ಕೆ."

"ಗೊತ್ತು."

"ಇದು ಯಂತ್ರದ ಕೋಣೆ."

"ಅದೂ ಗೊತ್ತು. ಒಳಗೆ ತಂಪಾಗಿದೆ, ಹೋಗು."

ಅದು ತುಂಗಭದ್ರೆಯ ದಂಡೆಯ ಮೇಲಿನ ಒಂದು ಸಣ್ಣ ಆಶ್ರಮ. ಕುಡಿತ ಬಿಡಬೇಕೆಂದು ಬಂದವರನ್ನು ಅಲ್ಲಿ ನಲವತ್ತು ದಿನ ಇಟ್ಟುಕೊಂಡು, ಉಪಚರಿಸಿ, ಮನೆಗೆ ಕಳಿಸುತ್ತಿದ್ದರು. ನಡೆಸುತ್ತಿದ್ದವರು ಗಂಗಾಂಬಿಕಮ್ಮ. ಮೊದಲು ತಾರು ಕಚೇರಿಯಲ್ಲಿ, ಆಮೇಲೆ ಟೆಲಿಫೋನ್ ಇಲಾಖೆಯ ಕಂಪ್ಯೂಟರ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಎಲ್ಲರಿಗೂ ಅವರು ಅಮ್ಮ.

ಮನೆಗೆ ಹೋದವರಿಗೆ ಅಮ್ಮ ಪ್ರತಿದಿನ ಬೆಳಗ್ಗೆ ಇಮೇಲಿನಲ್ಲಿ ಒಂದು ಓಲೆ ಕಳಿಸುತ್ತಿದ್ದರು. ಹತ್ತು ಸಾಲು, ಹೆಚ್ಚಿಲ್ಲ. ಉಪದೇಶ ಕಡಿಮೆ. ಹೊಳೆಯಲ್ಲಿ ನೀರು ಎಷ್ಟಿದೆ, ಬೆಕ್ಕು ಎಷ್ಟು ಮರಿ ಹಾಕಿದೆ, ಅಂಥ ಸುದ್ದಿಯೇ ಜಾಸ್ತಿ. ಕೊನೆಯಲ್ಲಿ ಒಂದು ಪ್ರಶ್ನೆ: 'ಇಂದು ಹೇಗೆ?'

ಓದಿದವರಲ್ಲಿ ಕೆಲವರು ಉತ್ತರ ಬರೆಯುತ್ತಿದ್ದರು. ಬಹಳ ಮಂದಿ ಬರೆಯುತ್ತಿದ್ದದ್ದು ಎರಡೇ ಪದ. 'ಇಂದೂ ಇಲ್ಲ.'

ಎಂದರೆ, ಇಂದೂ ಕುಡಿಯುವುದಿಲ್ಲ.

ಬೇರೆ ಊರುಗಳ ಶಿಬಿರದವರೂ ಈ ಓಲೆ ತಮಗೂ ಬೇಕೆಂದು ಕೇಳಿ ಹೆಸರು ಬರೆಸಿಕೊಂಡರು. ಹಾಲೇಶ ಬರುವ ಹೊತ್ತಿಗೆ ಅದು ದಿನವೂ ಒಂದೂವರೆ ಲಕ್ಷ ಜನರಿಗೆ ಹೋಗುತ್ತಿತ್ತು.

"ಫೋನಿಗೇ ಸಂದೇಶ ಕಳಿಸಬಹುದಲ್ಲ ಅಮ್ಮಾ? ಸುಲಭ."

"ಫೋನು ಟಿಂಗ್ ಅಂದರೆ ಮನೆಯವರೆಲ್ಲ ಬಗ್ಗಿ ನೋಡ್ತಾರೆ. ಇದನ್ನ ಅವರು ತಮಗೆ ಬೇಕಾದಾಗ, ತಾವೊಬ್ಬರೇ ತೆಗೆದು ಓದ್ತಾರೆ."

ಸರ್ವರ್ ಕೋಣೆ ಮೊದಲು ಬಿತ್ತನೆ ಬೀಜ ಇಡುವ ಕೋಣೆಯಾಗಿತ್ತು. ದಪ್ಪ ಮಣ್ಣಿನ ಗೋಡೆ. ಒಳಗೆ ಎರಡು ಯಂತ್ರ. ಒಂದು ಮಲಗಿದರೆ ಇನ್ನೊಂದು ತಾನಾಗಿ ಎದ್ದು ಕೆಲಸ ಹಿಡಿಯಬೇಕು. ಕರೆಂಟು ಹೋದರೆ ಬ್ಯಾಟರಿ. ಒಂದು ಕೇಬಲ್ ಕಡಿದರೆ ಮತ್ತೊಂದು.

ಹಾಲೇಶ ಕಲಿತ. ಪ್ರತಿ ಓಲೆಗೂ ಆಶ್ರಮದ ಮೊಹರು ಬೀಳುವ ಹಾಗೆ ನೋಡಿಕೊಳ್ಳುವುದನ್ನು ಕಲಿತ. ಮೊಹರಿಲ್ಲದಿದ್ದರೆ ಆಚೆ ಕಡೆಯ ಇಮೇಲ್ ಕಂಪನಿಗಳು ಅದನ್ನು ನಂಬುವುದಿಲ್ಲ. ಯಾವ ಓಲೆ ಹೋಯಿತು, ಯಾವುದು ನಿಂತಿತು ಎಂದು ಯಂತ್ರ ಬರೆದಿಡುವ ದಾಖಲೆ ಓದುವುದನ್ನು ಕಲಿತ. ಮುಚ್ಚಿಹೋದ ವಿಳಾಸಗಳನ್ನು, ತೀರಿಕೊಂಡವರ ಹೆಸರುಗಳನ್ನು ಪಟ್ಟಿಯಿಂದ ತೆಗೆಯುವುದನ್ನೂ ಕಲಿತ.

ಒಂದು ವಿಷಯ ಮಾತ್ರ ಅವನಿಗೆ ಒಗ್ಗಲಿಲ್ಲ.

"ಎಲ್ಲಾ ಓಲೆ ಹೋಗೋಕೆ ನಾಲ್ಕು ಗಂಟೆ ಹಿಡಿಯುತ್ತೆ ಅಮ್ಮಾ. ಈ ಯಂತ್ರಕ್ಕೆ ಅರ್ಧ ಗಂಟೆ ಸಾಕು."

"ಆ ಕಡೆಯವರು ಏನಂತಾರೆ?"

"ಒಂದಷ್ಟು ತಗೋತಾರೆ. ಆಮೇಲೆ 'ಈಗ ಬೇಡ, ಸ್ವಲ್ಪ ಹೊತ್ತು ಬಿಟ್ಟು ಬಾ' ಅಂತಾರೆ."

"ಹಾಗಾದರೆ ಸ್ವಲ್ಪ ಹೊತ್ತು ಬಿಟ್ಟು ಹೋಗು."

"ಎಷ್ಟು ಸಲ ಕಾಯೋದು?"

"ಅದು ಅವರ ಮನೆ, ಹಾಲೇಶ."

ಎರಡು ವರ್ಷ ಕಳೆಯಿತು. ಬೀದರಿನ ಕಡೆ ಒಂದು ಹೊಸ ಶಿಬಿರ ಶುರುವಾಗುವುದಿತ್ತು. ಅಮ್ಮ ಮೂರು ವಾರಕ್ಕೆ ಅಲ್ಲಿಗೆ ಹೊರಟರು. ಓಲೆಯ ಕೆಲಸ ಪೂರ್ತಿಯಾಗಿ ಹಾಲೇಶನ ಪಾಲಿಗೆ ಬಂದದ್ದು ಅದೇ ಮೊದಲು.

"ದಿನಾ ಹತ್ತು ಸಾಲು ಬರೆದು ಕಳಿಸ್ತೀನಿ. ಉಳಿದದ್ದನ್ನ ಇದ್ದ ಹಾಗೇ ನೋಡ್ಕೋ."

"ಆಗಲಿ ಅಮ್ಮಾ."

ಮೂರು ದಿನ ಅವನು ಹಾಗೆಯೇ ನೋಡಿಕೊಂಡ.

ನಾಲ್ಕನೆಯ ದಿನ ಕಚೇರಿಯ ಕಪಾಟು ಒರೆಸುವಾಗ ಅವನಿಗೆ ಹಳೆಯ ರಿಜಿಸ್ಟರುಗಳು ಸಿಕ್ಕವು. ಆಶ್ರಮ ನೋಡಲು ಬಂದವರು, ಯೋಗದ ತರಗತಿಗೆ ಸೇರಿದವರು, ಮಕ್ಕಳ ಬೇಸಿಗೆ ಶಿಬಿರಕ್ಕೆ ಹೆಸರು ಕೊಟ್ಟವರು, ಎಲ್ಲರ ಹೆಸರು, ಊರು, ಇಮೇಲ್. ಅವುಗಳದ್ದೇ ದೊಡ್ಡ ಪಟ್ಟಿ ಕಂಪ್ಯೂಟರಿನಲ್ಲೂ ಇತ್ತು. ಒಂದು ಲಕ್ಷ ಹತ್ತು ಸಾವಿರ ಜನ.

ಇಷ್ಟು ಒಳ್ಳೆಯ ಓಲೆ ಇವರಿಗೂ ಯಾಕೆ ಹೋಗಬಾರದು ಎನ್ನಿಸಿತು. ಅಮ್ಮ ಬರುವಷ್ಟರಲ್ಲಿ ಎರಡು ಲಕ್ಷ ಅರವತ್ತು ಸಾವಿರ ಆಗಿರುತ್ತದೆ. ಅವರಿಗೆಷ್ಟು ಸಂತೋಷವಾಗಬಹುದು!

ಅವನು ಆ ಪಟ್ಟಿಯನ್ನು ಈ ಪಟ್ಟಿಗೆ ಸೇರಿಸಿದ. ಜೊತೆಗೆ ಯಂತ್ರದ ವೇಗವನ್ನೂ ಏರಿಸಿದ. ಯಾರಾದರೂ ಆಮೇಲೆ ಬಾ ಎಂದರೆ ಮರುಕ್ಷಣವೇ ಮತ್ತೆ ಬಾಗಿಲು ಬಡಿಯುವ ಹಾಗೆ ಮಾಡಿದ.

ಮರುದಿನ ಐವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಹಾಲೇಶ ಆ ಬೆಳಗ್ಗೆ ಎರಡು ತಟ್ಟೆ ಉಪ್ಪಿಟ್ಟು ತಿಂದ.

ಸಂಜೆ ಅಮ್ಮನ ಫೋನು ಬಂತು.

"ಹೇಗಿದೆ?"

"ಎಲ್ಲಾ ಹೋಗಿದೆ ಅಮ್ಮಾ. ಒಂದೂ ವಾಪಸ್ಸು ಬಂದಿಲ್ಲ."

ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಓಲೆಗೆ ಬರುವ ಉತ್ತರಗಳು ಮಾತ್ರ ಕಡಿಮೆಯಾಗುತ್ತಾ ಹೋದವು. ಮೊದಲು ದಿನಕ್ಕೆ ಎಂಟು ಒಂಬತ್ತು ಸಾವಿರ ಬರುತ್ತಿದ್ದವು. ಆಮೇಲೆ ಎರಡು ಸಾವಿರ. ಆಮೇಲೆ ಮುನ್ನೂರು.

ಸುಗ್ಗಿಯ ಕಾಲ, ಜನಕ್ಕೆ ಪುರುಸೊತ್ತಿಲ್ಲ ಎಂದುಕೊಂಡ ಹಾಲೇಶ. ಹೊಸ ಸಂಖ್ಯೆಯನ್ನು ಅಮ್ಮನಿಗೆ ಎದುರಿಗೇ ಹೇಳಬೇಕೆಂದು ಫೋನಿನಲ್ಲಿ ಅದರ ಸುದ್ದಿ ಎತ್ತಲಿಲ್ಲ.

ಮೂರು ವಾರ ಮುಗಿದು ಅಮ್ಮ ಒಂದು ಸಂಜೆ ಬಂದರು. ದಣಿದಿದ್ದರು, ಸ್ನಾನ ಮಾಡಿ ಮಲಗಿದರು.

ಬೆಳಗ್ಗೆ ಗೇಟಿನ ಹತ್ತಿರ ಒಬ್ಬ ಮನುಷ್ಯ ನಿಂತಿದ್ದ. ಐವತ್ತರ ವಯಸ್ಸು. ಹೆಗಲಲ್ಲಿ ಬಡಗಿಯ ಸಾಮಾನಿನ ಚೀಲ. ಒಳಗೆ ಬಾ ಎಂದರೂ ಬರಲಿಲ್ಲ.

"ನಾನು ವೀರಾಚಾರಿ. ಹರಪನಹಳ್ಳಿ ಕಡೆಯವನು. ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ."

"ಕೇಳಿ," ಎಂದ ಹಾಲೇಶ.

"ನನ್ನ ಹೆಸರು ಹೊಡೆದು ಹಾಕಿದ್ರೇನ್ರೀ?"

ಹಾಲೇಶನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅಮ್ಮ ಬಂದರು.

ವೀರಾಚಾರಿ ಅವರನ್ನು ನೋಡಿ ಚೀಲ ಕೆಳಗಿಟ್ಟ.

"ಹದಿನೇಳು ದಿನದಿಂದ ಓಲೆ ಇಲ್ಲ ಅಮ್ಮಾ. ನಾಲ್ಕು ವರ್ಷದಲ್ಲಿ ಒಂದು ದಿನ ತಪ್ಪಿದ್ದಿಲ್ಲ. ಎರಡು ದಿನ ಸುಮ್ಮನಿದ್ದೆ. ನಾಲ್ಕು ದಿನ ಕಾದೆ. ಆಮೇಲೆ ಅನ್ನಿಸ್ತು, ನನ್ನಿಂದ ಏನೋ ತಪ್ಪಾಗಿದೆ, ಅಮ್ಮ ಕೈಬಿಟ್ಟರು ಅಂತ."

"ಆಮೇಲೆ?"

ಅವನು ನೆಲ ನೋಡಿದ.

"ಒಂಬತ್ತನೇ ದಿನ ಕುಡಿದೆ."

"ಇವತ್ತು?" ಎಂದರು ಅಮ್ಮ.

"ಇವತ್ತು ಇಲ್ಲ."

"ಬಾ, ಊಟ ಮಾಡು."

ಜಗಲಿಯ ಮೇಲೆ ಎಲೆ ಹಾಕಿಸಿದರು. ವೀರಾಚಾರಿಯ ಫೋನು ಇಸಿದುಕೊಂಡು ಅಮ್ಮ ಕನ್ನಡಕ ಏರಿಸಿದರು. ಅವನ ಅಂಚೆಪೆಟ್ಟಿಗೆ ತೆರೆದರು. ಆಶ್ರಮದ ಓಲೆ ಇರಲಿಲ್ಲ. ಆಮೇಲೆ ಕಸದ ಓಲೆಗಳು ಬೀಳುವ ಸ್ಪ್ಯಾಮ್ ಪೆಟ್ಟಿಗೆ ತೆರೆದರು.

ಹದಿನೇಳೂ ಅಲ್ಲಿದ್ದವು. ಲಾಟರಿ ಹೊಡೆದಿದೆ ಎನ್ನುವ ಪತ್ರಗಳ ನಡುವೆ, ಒಂದರ ಕೆಳಗೆ ಒಂದು.

ವೀರಾಚಾರಿ ಕೈ ತೊಳೆಯದೆ ಫೋನು ಹಿಡಿದ. ಮೊದಲನೆಯದನ್ನು ಓದಿದ. ಎರಡನೆಯದನ್ನು ಓದಿದ.

"ಇಲ್ಲೇ ಇದ್ವಾ?" ಎಂದ. "ಎಲ್ಲಾ ಇಲ್ಲೇ ಇದ್ವಾ?"

ನಗುತ್ತಿದ್ದ. ಕಣ್ಣಲ್ಲಿ ನೀರೂ ಬರುತ್ತಿತ್ತು.

ಅಮ್ಮ ಹಾಲೇಶನ ಕಡೆ ತಿರುಗಿದರು. ಅವನು ತಾನು ಮಾಡಿದ್ದನ್ನೆಲ್ಲ ಅಲ್ಲೇ, ವೀರಾಚಾರಿಯ ಎದುರಿಗೇ ಹೇಳಿದ. ಪಟ್ಟಿ ಸೇರಿಸಿದ್ದು, ವೇಗ ಏರಿಸಿದ್ದು, ಉತ್ತರ ಕಡಿಮೆಯಾದದ್ದು, ಅದನ್ನು ಹೇಳದೆ ಇದ್ದದ್ದು.

"ಆ ಹೊಸ ಒಂದು ಲಕ್ಷ ಹತ್ತು ಸಾವಿರ ಜನ ಓಲೆ ಕೇಳಿದ್ದರಾ?" ಎಂದರು ಅಮ್ಮ.

"ಇಲ್ಲ."

"ಕೇಳದೇ ಇದ್ದದ್ದು ದಿನಾ ಬಂದರೆ ಏನು ಮಾಡ್ತಾರೆ?"

"ಇದು ಕಸ ಅಂತ ಗುಂಡಿ ಒತ್ತುತ್ತಾರೆ."

"ಸಾವಿರಾರು ಜನ ಒತ್ತಿದರೆ?"

"ಕಂಪನಿಯವರು ನಮ್ಮ ಓಲೆ ಎಲ್ಲಾ ಕಸ ಅಂದುಕೊಳ್ತಾರೆ. ಯಾರಿಗೆ ಬಂದರೂ ಸ್ಪ್ಯಾಮಿಗೆ ಹಾಕ್ತಾರೆ. ವಾಪಸ್ಸು ಕಳಿಸಲ್ಲ... ಅದಕ್ಕೇ ದಾಖಲೆಯಲ್ಲಿ ಎಲ್ಲಾ ಸರಿ ಕಾಣ್ತಿತ್ತು."

ಸ್ವಲ್ಪ ಹೊತ್ತಾದ ಮೇಲೆ ಹಾಲೇಶ ಹೇಳಿದ, "ನಾನು ಊರಿಗೆ ಹೋಗ್ತೀನಿ ಅಮ್ಮಾ. ಈ ಕೆಲಸಕ್ಕೆ ನಾನು ತಕ್ಕವನಲ್ಲ."

"ಹೋಗುವಿಯಂತೆ. ಮೊದಲು ಇವರಿಗೆ ಇನ್ನೊಂದು ರೊಟ್ಟಿ ಬಡಿಸು."

ಅವನು ಬಡಿಸಿದ. ವೀರಾಚಾರಿ ಅವನ ಮುಖ ನೋಡಿ, "ಪಲ್ಯನೂ ಹಾಕಿ ತಮ್ಮಾ," ಎಂದ. ಅಷ್ಟರಿಂದಲೇ ಹಾಲೇಶನಿಗೆ ಉಸಿರು ಬಂದ ಹಾಗಾಯಿತು.

ಮಧ್ಯಾಹ್ನ ಅಮ್ಮ ಅವನನ್ನು ಸರ್ವರ್ ಕೋಣೆಗೆ ಕರೆದರು. ತಾವು ಒಂದು ಮಣೆ ಹಾಕಿಕೊಂಡು ಕೂತರು.

"ನೀನು ಸೇರಿಸಿದ ಪಟ್ಟಿ ತೆಗೆ. ಗಟ್ಟಿಯಾಗಿ ಓದು."

"ಒಂದು ಲಕ್ಷ ಹತ್ತು ಸಾವಿರ ಹೆಸರು ಅಮ್ಮಾ!"

"ಕೂತಿದ್ದೀನಲ್ಲ."

ಅವನು ಓದತೊಡಗಿದ. ಅಬ್ದುಲ್, ಅಂಬುಜಾಕ್ಷಿ, ಅಚ್ಯುತ, ಅಜ್ಜಯ್ಯ. ನೂರು ಓದಿದ. ಐನೂರು ಓದಿದ. ಗಂಟಲು ಒಣಗಿತು. ಅಮ್ಮ ನೀರಿನ ಚೊಂಬು ಮುಂದಕ್ಕೆ ಸರಿಸಿದರು.

ಎಂಟುನೂರರ ಹತ್ತಿರ ಅವರು ಕೈ ಎತ್ತಿದರು.

"ಇವರಲ್ಲಿ ನಿನಗೆ ಯಾರು ಗೊತ್ತು?"

"ಯಾರೂ ಇಲ್ಲ."

"ಇವರಿಗೆ ನಾವು ಗೊತ್ತಾ?"

"ಒಂದು ದಿನ ಬಂದು ಹೊಳೆ ನೋಡಿ ಹೋಗಿರಬಹುದು."

ಹಾಲೇಶ ಪಟ್ಟಿಯನ್ನು ತಾನೇ ಅಳಿಸಿದ. ವೇಗವನ್ನು ಮೊದಲಿನ ಹಾಗೆ ಇಳಿಸಿದ.

"ಇಷ್ಟಕ್ಕೆ ಸರಿಹೋಗುತ್ತಾ ಅಮ್ಮಾ?"

"ಹೋಗಲ್ಲ. ಹೆಸರು ಕೆಟ್ಟಿದೆಯಲ್ಲ."

"ಮತ್ತೆ?"

"ಯಂತ್ರ ಸುಮ್ಮನಿರಲಿ. ಎಲ್ಲರನ್ನೂ ಕರಿ."

ಆಶ್ರಮದಲ್ಲಿ ಕೆಲಸಕ್ಕಿದ್ದವರು ಹನ್ನೊಂದು ಮಂದಿ. ಅಡುಗೆಯವರು, ತೋಟದವರು, ಔಷಧಿ ಕೊಡುವ ನರ್ಸ್ ಎಲ್ಲರೂ ಜಗಲಿಗೆ ಬಂದರು. ಕುಡಿತ ಬಿಟ್ಟು ಇನ್ನೂ ಒಂದು ವರ್ಷ ತುಂಬದವರ ಪಟ್ಟಿಯನ್ನು ಅಮ್ಮ ಹರಿದು ಹಂಚಿದರು. ಇಲ್ಲಿನವರು, ಹತ್ತಿರದ ಶಿಬಿರಗಳವರು ಸೇರಿ ಸಾವಿರದ ಮುನ್ನೂರು ಹೆಸರು.

"ಮೊದಲು ಇವರು. ಒಬ್ಬೊಬ್ಬರಿಗೂ ಫೋನು ಮಾಡಿ. ಓಲೆ ನಿಂತದ್ದು ನಮ್ಮ ತಪ್ಪು ಅಂತ ಹೇಳಿ. ಹೇಗಿದ್ದೀರಿ ಅಂತ ಕೇಳಿ. ಸ್ಪ್ಯಾಮಿನಲ್ಲಿ ಬಿದ್ದದ್ದನ್ನ ಎತ್ತಿ ಈಚೆ ಇಡೋಕೆ ಹೇಳಿ."

ಹಾಲೇಶನ ಪಾಲಿಗೆ ನೂರಿಪ್ಪತ್ತು ಹೆಸರು ಬಂದವು. ದಿನವೂ ಅವನು ಅವರಿಗೆಲ್ಲ ಓಲೆ ಕಳಿಸಿದ್ದ. ಹೆಚ್ಚಿನವರ ದನಿಯನ್ನೇ ಕೇಳಿರಲಿಲ್ಲ.

ಒಬ್ಬರು ಬೈದರು. ಒಬ್ಬರು ಅರ್ಧ ಗಂಟೆ ಮಗಳ ಮದುವೆಯ ವಿಚಾರ ಹೇಳಿದರು. ಇನ್ನೊಬ್ಬರು, "ಬೆಕ್ಕಿನ ಮರಿ ಕಣ್ಣು ಬಿಟ್ವಾ? ಅಲ್ಲಿಗೇ ನಿಂತುಹೋಗಿತ್ತು," ಎಂದು ಕೇಳಿದರು. ಹಾಲೇಶ ಎದ್ದು ಹೋಗಿ, ಬೆಕ್ಕು ನೋಡಿಕೊಂಡು ಬಂದು ಉತ್ತರ ಕೊಟ್ಟ.

ಕೆಲವರು ಜಾರಿದ್ದರು. ಅವರನ್ನೆಲ್ಲ ಅಮ್ಮ ಕರೆಸಿಕೊಂಡರು. ಆ ತಿಂಗಳು ಆಶ್ರಮದಲ್ಲಿ ಚಾಪೆ ಸಾಲಲಿಲ್ಲ. ವೀರಾಚಾರಿಯೂ ಉಳಿದ, ಉಳಿದವನು ಸುಮ್ಮನೆ ಕೂರಲಾರದೆ ನೆಲಕ್ಕೆ ಉಜ್ಜುತ್ತಿದ್ದ ಬಾಗಿಲುಗಳನ್ನೆಲ್ಲ ಕೆತ್ತಿ ಸರಿಮಾಡಿದ.

ಮೂರನೆಯ ದಿನ ಹಾಲೇಶ ಒಂದು ತಾಂಡಾದ ಮನೆಗೆ ಫೋನು ಮಾಡಿದ. ಸೋಮ್ಲಾನಾಯ್ಕ ಎಂಬವರ ಹೆಸರಿತ್ತು. ಎತ್ತಿದವರು ಹೆಂಗಸು.

"ಅವರಿಲ್ಲ. ತೀರಿಕೊಂಡು ಏಳು ತಿಂಗಳಾಯ್ತು. ಹಾವು ಕಚ್ಚಿ."

ಹಾಲೇಶ ಕೈಯಲ್ಲಿದ್ದ ಕಾಗದ ನೋಡಿದ. ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಉತ್ತರ ಬಂದ ದಿನಗಳ ಗುರುತಿತ್ತು. ಮೂರು ವಾರದ ಹಿಂದಿನವರೆಗೂ, ಒಂದು ದಿನವೂ ಬಿಡದೆ.

"ಆದರೆ... ಅವರಿಂದ ದಿನಾ ಉತ್ತರ ಬರ್ತಿತ್ತಲ್ಲ ಅಕ್ಕಾ?"

"ನಾನು ಬರೀತಿದ್ದೆ. ಅವರ ಹೆಂಡತಿ, ರುಕ್ಲಿಬಾಯಿ. ಅವರಿದ್ದಾಗ ಬೆಳಗ್ಗೆ ನನಗೆ ಓದಿ ಹೇಳೋರು. ಈಗ ನಾನೇ ಓದ್ತೀನಿ. 'ಇಂದೂ ಇಲ್ಲ' ಅಂತ ಒತ್ತಿ ಕಳಿಸ್ತೀನಿ. ಸುಳ್ಳಲ್ಲವಲ್ಲ ಅದು?"

"ಅಲ್ಲ," ಎಂದ ಹಾಲೇಶ.

"ಓಲೆ ನಿಂತಾಗ ನಿಮಗೆ ಗೊತ್ತಾಯ್ತು ಅಂದುಕೊಂಡೆ. ತೆಗೆದುಬಿಟ್ಟಿರಿ ಅಂತ."

ಹಾಲೇಶ ಕಾಗದ ಹಿಡಿದುಕೊಂಡು ಅಮ್ಮನ ಹತ್ತಿರ ಬಂದ.

"ತೀರಿಕೊಂಡವರ ಹೆಸರು ಪಟ್ಟಿಯಲ್ಲಿ ಇರಬಾರದು ಅಂತ ನೀವೇ ಕಲಿಸಿದ್ದು. ಇವರನ್ನ ಏನು ಮಾಡಲಿ?"

ಅಮ್ಮ ಕಾಗದ ಇಸಿದುಕೊಂಡರು. ಸೋಮ್ಲಾನಾಯ್ಕರ ಹೆಸರನ್ನು ಹೊಡೆಯಲಿಲ್ಲ. ಪಕ್ಕದಲ್ಲಿ ರುಕ್ಲಿಬಾಯಿ ಎಂದು ಬರೆದು ವಾಪಸ್ಸು ಕೊಟ್ಟರು.

ಐದನೆಯ ದಿನ ಯಂತ್ರ ಮತ್ತೆ ಎದ್ದಿತು. ಆ ಬೆಳಗ್ಗೆ ಹೋದದ್ದು ಐನೂರೇ ಓಲೆ. ಯಾವತ್ತೂ ಉತ್ತರ ತಪ್ಪಿಸದವರನ್ನು ಆರಿಸಿ ಅಷ್ಟು ಜನಕ್ಕೆ ಮಾತ್ರ. ಅವರು ತೆರೆದರು, ಓದಿದರು, ಉತ್ತರ ಬರೆದರು. ಹೀಗೆ ಓದುವವರಿದ್ದಾರೆ ಎಂದು ಕಂಡರೆ ಕಂಪನಿಗಳಿಗೆ ಮತ್ತೆ ನಂಬಿಕೆ ಹುಟ್ಟುತ್ತದೆ. ಮರುದಿನ ಏಳುನೂರು. ಅದರ ಮರುದಿನ ಸಾವಿರ.

"ಹೀಗಾದರೆ ಎರಡು ತಿಂಗಳು ಬೇಕು ಅಮ್ಮಾ."

"ಆಗಲಿ."

"ಬೇಗ ಆಗೋ ದಾರಿ ಇಲ್ವಾ?"

"ಇತ್ತು. ನೀನು ಅದರಲ್ಲೇ ಹೋಗಿ ಬಂದೆಯಲ್ಲ."

ಹಾಲೇಶ ನಕ್ಕುಬಿಟ್ಟ. ಎಷ್ಟೋ ದಿನದ ಮೇಲೆ ಅವನಿಗೆ ನಗು ಬಂದಿತ್ತು.

ಓಲೆ ಇನ್ನೂ ಹೋಗದವರಿಗೆ ಫೋನು ನಡೆದೇ ಇತ್ತು. ಒಂದು ವರ್ಷದವರು ಮುಗಿದ ಮೇಲೆ ಎರಡು ವರ್ಷದವರು. ದೂರದ ಶಿಬಿರಗಳವರು ತಮ್ಮ ತಮ್ಮವರಿಗೆ ತಾವೇ ಹೇಳಿಕೊಂಡರು. ಹಾಲೇಶ ಬೆಳಗ್ಗೆ ಓಲೆ ಬಿಟ್ಟು, ಮಧ್ಯಾಹ್ನ ಫೋನು ಹಿಡಿದು ಕೂರುತ್ತಿದ್ದ. ಊರಿಗೆ ಹೋಗುವ ಮಾತನ್ನು ಅವನೂ ಎತ್ತಲಿಲ್ಲ, ಅಮ್ಮನೂ ಕೇಳಲಿಲ್ಲ.

ಓಲೆಗಳು ನಿಧಾನವಾಗಿ ಸ್ಪ್ಯಾಮಿನಿಂದ ಈಚೆ ಬೀಳತೊಡಗಿದವು. ಅದನ್ನು ಅವನು ದಾಖಲೆ ನೋಡಿ ತಿಳಿಯುತ್ತಿರಲಿಲ್ಲ. ಬೇರೆ ಬೇರೆ ಕಂಪನಿಗಳಲ್ಲಿ ತಾನೇ ಒಂದೊಂದು ವಿಳಾಸ ಮಾಡಿಕೊಂಡು, ಓಲೆ ಎಲ್ಲಿ ಬಿತ್ತು ಎಂದು ದಿನವೂ ತೆರೆದು ನೋಡುತ್ತಿದ್ದ. ವೀರಾಚಾರಿ ಊರಿಗೆ ಹೋದ ಮೇಲೆ ಅವನಿಗೂ ವಾರಕ್ಕೊಮ್ಮೆ ಫೋನು ಮಾಡಿ ಕೇಳುತ್ತಿದ್ದ.

"ಬಂತಾ ಆಚಾರ್ರೇ?"

"ಬಂತು ತಮ್ಮಾ. ಮೇಲೇ ಇದೆ."

ಎರಡು ತಿಂಗಳು ಆಗಲಿಲ್ಲ. ಹತ್ತು ವಾರ ಹಿಡಿಯಿತು. ಒಂದು ಸೋಮವಾರ ಒಂದೂವರೆ ಲಕ್ಷ ಓಲೆಗಳೂ ಹೋದವು. ನಾಲ್ಕು ಗಂಟೆ ಹೊತ್ತು ಹಾಲೇಶ ಕೋಣೆಯಲ್ಲಿ ಕೂತೇ ಇದ್ದ. ಪರದೆಯ ಮೇಲೆ ಒಂದೊಂದೇ ವಿಳಾಸ ಮೂಡಿ ಸರಿಯುತ್ತಿತ್ತು. ಆಮೇಲೆ ಬಾ ಎಂದವರಲ್ಲಿಗೆ ಯಂತ್ರ ಆಮೇಲೆ ಹೋಯಿತು. ಅವನಿಗೆ ಬೇಸರವಾಗಲಿಲ್ಲ. ಹೊತ್ತು ಹೋದದ್ದೂ ತಿಳಿಯಲಿಲ್ಲ.

ಅಮ್ಮ ಒಮ್ಮೆ ಬಾಗಿಲಿಗೆ ಬಂದರು. ಅವನು ಕೂತಿದ್ದ ರೀತಿ ನೋಡಿದರು. ಮಾತಾಡಿಸದೆ ಹೋದರು.

ಆ ಹೊತ್ತಿಗೆ ಉತ್ತರಗಳು ಬರತೊಡಗಿದವು. ಸಾವಿರ, ಎರಡು ಸಾವಿರ, ನಾಲ್ಕು ಸಾವಿರ. ಹೆಚ್ಚಿನವು ಅದೇ ಎರಡು ಪದ. ಅವುಗಳ ನಡುವೆ ಒಂದು ಉದ್ದವಾಗಿತ್ತು. ಹಾಲೇಶ ಅದನ್ನು ಎರಡು ಸಲ ಓದಿದ. ಮುಖ ಸಣ್ಣದಾಯಿತು.

ಅಮ್ಮ ಹೊಳೆಯ ಮೆಟ್ಟಿಲಲ್ಲಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದರು. ಅವನು ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತ.

"ಇಮಾಮ್‌ಸಾಬ್ ಅಂತ, ಬಸ್ ಓಡಿಸ್ತಿದ್ದವರು. ಹನ್ನೊಂದು ವರ್ಷದಿಂದ ನಮ್ಮ ಪಟ್ಟಿಯಲ್ಲಿದ್ದಾರೆ. ಹೆಸರು ತೆಗೀರಿ ಅಂತ ಬರೆದಿದ್ದಾರೆ."

"ಓಲೆ ನಿಂತದ್ದಕ್ಕೆ ಬೇಜಾರಾ?"

"ಅಲ್ಲ. ನಿಂತದ್ದು ಅವರಿಗೆ ಗೊತ್ತೇ ಇಲ್ಲವಂತೆ."

"ಏನು ಬರೆದಿದ್ದಾರೆ, ಓದು."

ಹಾಲೇಶ ಓದಿದ.

'ಅಮ್ಮನಿಗೆ ನಮಸ್ಕಾರ. ಓಲೆ ತೆರೆದು ಎಷ್ಟೋ ತಿಂಗಳಾಯಿತು. ಮರೆತೇ ಹೋಗುತ್ತದೆ. ಬೆಳಗ್ಗೆ ಎದ್ದರೆ ಎಮ್ಮೆ ಹಾಲು ಕರೆಯಬೇಕು, ಮೊಮ್ಮಗಳಿಗೆ ಜಡೆ ಹಾಕಬೇಕು, ಅವಳನ್ನು ಶಾಲೆಗೆ ಬಿಡಬೇಕು. ಅವಳ ಅಜ್ಜಿಗಿಂತ ನಾನು ಹಾಕುವ ಜಡೆಯೇ ಚೆನ್ನಾಗಿರುತ್ತದಂತೆ. ಕುಡಿತದ ನೆನಪು ಈಗ ಬರುವುದಿಲ್ಲ. ಸುಮ್ಮನೆ ನಿಮಗೆ ಯಾಕೆ ತೊಂದರೆ, ನನ್ನ ಹೆಸರು ತೆಗೆದುಬಿಡಿ.'

ಹಾಲೇಶ ಫೋನು ಮಡಿಲಲ್ಲಿಟ್ಟುಕೊಂಡ.

"ಎಲ್ಲಾ ಸರಿಹೋದ ದಿನವೇ ಹೀಗೆ ಬರಬೇಕಾ ಅಮ್ಮಾ? ಹನ್ನೊಂದು ವರ್ಷದ ಸಂಬಂಧ. ಇನ್ನೊಂದು ಮಾತು ಬರೆದು ನೋಡಲಾ? ಇರಲಿ ಅಂತ?"

ಅಮ್ಮ ಬಿಡಿಸಿದ ಹುಣಸೆಹಣ್ಣನ್ನು ಅವನ ಕೈಗೆ ಕೊಟ್ಟರು.

"ಹೆಸರು ತೆಗೆ. ಆಮೇಲೆ ಅಡುಗೆಮನೆಗೆ ಹೋಗಿ, ಇವತ್ತು ಪಾಯಸ ಮಾಡೋಕೆ ಹೇಳು. ಒಬ್ಬರು ನಮ್ಮನ್ನ ಮರೆತಿದ್ದಾರೆ."